ಹಿತ್ತಿಲ ರೈಲಿಗೆ ಹಸಿರು ನಿಶಾನೆ

ಅರಸೀಕೆರೆ ಸೀಮೆಯವರಿಗೆ ರೈಲಿನ ಬಗ್ಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಬೆಂಗಳೂರು-ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರಿನ ಮಾರ್ಗ ಕವಲೊಡೆಯುವುದು ಅರಸೀಕೆರೆಯಲ್ಲಿಯೇ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ನಮ್ಮ ಕಣಕಟ್ಟೆ ಹೋಬಳಿಯ ಮಕ್ಕಳು ಪೇಟೆಗೆ ಹೋದರೆ ಮೊದಲು ನೋಡಬಯಸುವುದು ರೈಲನ್ನೇ. ಆದರೂ ಈ ವಾರದ ಆರೋಗ್ಯ ಅಂಕಣದಲ್ಲಿ ರೈಲಿಗೇನು ಕೆಲಸ ಎಂದು ಓದುಗರು ಹುಬ್ಬೇರಿಸಬಹುದು. ನಾನು ಹೇಳಹೊರಟಿರುವುದು ನಿಲ್ದಾಣದ ರೈಲಿನ ವಿಷಯವನ್ನಲ್ಲ. ಮನೆಯ ಹಿತ್ತಿಲಲ್ಲಿ, ಮಣ್ಣಿನ ಮೇಲೆ, ಪುಟ್ಟ ಹಳಿ ಹಾಕಿ ಓಡಿಸುವ ಮಾದರಿ ರೈಲಿನ ವಿಷಯವನ್ನು.

ವಿದೇಶಗಳಲ್ಲಿ ಇದು ಬಹು ಹಳೆಯ ಹವ್ಯಾಸ. ನಮ್ಮಲ್ಲಿ ಮಾದರಿ ರೈಲೆಂದರೆ ಮೇಜಿನ ಮೇಲೆ ಸುತ್ತುವ ಆಟಿಕೆ. ಹೆಚ್ಚೆಂದರೆ, 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತು ಸಂಗ್ರಹಾಲಯದ ಪುಟಾಣಿ ರೈಲಿನಲ್ಲಿ ಮಕ್ಕಳನ್ನು ಒಂದು ಸುತ್ತು ಕೂರಿಸಿಕೊಂಡು ಬರುವುದು. ಹಿತ್ತಿಲಿರುವ ಮನೆಗಳಲ್ಲಿ, ವಿಶೇಷವಾಗಿ ನಿವೃತ್ತರೂ ಮಕ್ಕಳೂ ಒಟ್ಟಿಗಿರುವ ಮನೆಗಳಲ್ಲಿ, ಈ ಹವ್ಯಾಸಕ್ಕೆ ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಅದನ್ನು ಮೇಜಿನ ಮೇಲೆ ಏರಿಸದೆ ನೆಲದ ಮೇಲೆಯೇ ಕಟ್ಟಬೇಕೆಂಬುದು ವೈದ್ಯನಾಗಿ ನನ್ನ ಒತ್ತಾಯ.

ನಮ್ಮದೇ ಮೀಟರ್ ಗೇಜ್

ಮೊದಲು ಈ ರೈಲಿನ ಅಳತೆ ತಿಳಿಯೋಣ. 1968ರಲ್ಲಿ ಜರ್ಮನಿಯ ಲೇಮನ್ ಎಂಬ ಆಟಿಕೆ ಕಂಪನಿ ಮಳೆ ಬಿಸಿಲಿಗೆ ಜಗ್ಗದ ದೊಡ್ಡ ಮಾದರಿ ರೈಲನ್ನು ಮಾರುಕಟ್ಟೆಗೆ ತಂದಿತು. ಎಲ್.ಜಿ.ಬಿ. ಎಂಬುದು ಅದರ ಹೆಸರು. ಎರಡು ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ನಿಜವಾದ ರೈಲನ್ನು ಇಪ್ಪತ್ತೆರಡೂವರೆ ಪಾಲು ಚಿಕ್ಕದು ಮಾಡಿದ ಅಳತೆ ಅದು. 45ನ್ನು ಇಪ್ಪತ್ತೆರಡೂವರೆಯಿಂದ ಗುಣಿಸಿ ನೋಡಿ. ಸಾವಿರ ಮಿಲಿಮೀಟರಿಗೆ, ಅಂದರೆ ಒಂದು ಮೀಟರಿಗೆ ಹತ್ತಿರ ಬರುತ್ತದೆ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಬರುವವರೆಗೆ ಅರಸೀಕೆರೆಯಲ್ಲಿ ಓಡುತ್ತಿದ್ದುದು ಮೀಟರ್ ಗೇಜ್ ರೈಲುಗಳೇ ಅಲ್ಲವೇ? ನಮ್ಮ ಹಿರಿಯರು ಹತ್ತಿದ, ಓಡಿಸಿದ, ಹಸಿರು ಬಾವುಟ ತೋರಿಸಿದ ಆ ಗಾಡಿ ಇಂದು ಮತ್ತೆ ಓಡಬಹುದಾದ ಜಾಗವೆಂದರೆ ಮನೆಯ ಹಿತ್ತಿಲೇ. ಎಷ್ಟೋ ವರ್ಷ ಗ್ಯಾಂಗ್‌ಮನ್ ಆಗಿ ದುಡಿದ ಹಿರಿಯರಿಗೆ ಹಳಿಯ ಮಟ್ಟ ಹಿಡಿಯುವುದನ್ನು ಯಾವ ಪುಸ್ತಕವೂ ಕಲಿಸಬೇಕಾಗಿಲ್ಲ.

ನೆಲಕ್ಕೆ ಇಳಿಯುವುದೇ ಔಷಧ

ನಮ್ಮ ಹಿಂದಿನವರು ನೆಲದ ಮೇಲೆ ಕೂತು ಉಂಡರು, ನೆಲದ ಮೇಲೆ ಮಲಗಿದರು, ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆದರು. ದಿನಕ್ಕೆ ಹತ್ತಾರು ಬಾರಿ ಕೂತು ಏಳುವುದು ಅವರಿಗೆ ವ್ಯಾಯಾಮವೆಂದು ಅನ್ನಿಸಲೇ ಇಲ್ಲ. ಈಗ ಊಟಕ್ಕೆ ಮೇಜು, ಟಿ.ವಿ. ನೋಡಲು ಸೋಫಾ, ಶೌಚಕ್ಕೆ ಕಮೋಡ್, ಪೂಜೆಗೂ ಕುರ್ಚಿ. ಐವತ್ತೈದು ದಾಟಿದ ಎಷ್ಟೋ ಮಂದಿ ವರ್ಷಗಟ್ಟಲೆ ನೆಲಕ್ಕೆ ಇಳಿದೇ ಇರುವುದಿಲ್ಲ. ತೊಡೆ, ಸೊಂಟ, ಹೊಟ್ಟೆಯ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ, ಕೀಲುಗಳು ಬಿಗಿಯುತ್ತವೆ, ಸಮತೋಲ ತಪ್ಪುತ್ತದೆ. ಮುಂದೊಂದು ದಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಾಗ ದೋಷವನ್ನೆಲ್ಲ ಬಚ್ಚಲ ಕಲ್ಲಿನ ಮೇಲೆ ಹೊರಿಸುತ್ತೇವೆ.

ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವರ್ಷದೊಳಗಿನ 2002 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಪರೀಕ್ಷೆ ಬಹು ಸರಳ: ನೆಲದ ಮೇಲೆ ಕೂರಬೇಕು, ಮತ್ತೆ ಏಳಬೇಕು. ಕೂರಲು 5 ಅಂಕ, ಏಳಲು 5 ಅಂಕ. ಕೈಯನ್ನೋ ಮೊಣಕಾಲನ್ನೋ ಊರಿದಾಗಲೆಲ್ಲ ಒಂದೊಂದು ಅಂಕ ಕಡಿತ. ಮುಂದಿನ ಆರು ವರ್ಷಗಳ ಆಸುಪಾಸಿನಲ್ಲಿ, ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಹೆಚ್ಚು ಅಂಕ ಪಡೆದವರಿಗಿಂತ ಬಹಳ ಹೆಚ್ಚಾಗಿತ್ತು. ಕೂತು ಎದ್ದ ಮಾತ್ರಕ್ಕೆ ಆಯುಸ್ಸು ಹೆಚ್ಚುತ್ತದೆಂದು ಇದರರ್ಥವಲ್ಲ. ಸ್ನಾಯುಬಲ, ಕೀಲಿನ ಸಡಿಲತೆ, ಸಮತೋಲ ಮೂರೂ ಸೇರಿ ದೇಹದ ಸ್ಥಿತಿಯನ್ನು ಹೇಳುತ್ತವೆ ಎಂಬುದಷ್ಟೇ ಇದರ ಅರ್ಥ. ಈ ಪರೀಕ್ಷೆಯನ್ನು ಹಿರಿಯರು ಒಬ್ಬರೇ ಮಾಡಿ ನೋಡಲು ಹೋಗಬೇಡಿ. ಪಕ್ಕದಲ್ಲಿ ಒಬ್ಬರು ಇರಲಿ.

ಅಂಥ ವ್ಯಾಯಾಮ ಮಾಡಿರೆಂದು ನಾವು ಬರೆದುಕೊಟ್ಟರೆ ಎಷ್ಟು ಮಂದಿ ಮಾಡುತ್ತಾರೆ? ಮೊದಲ ವಾರ ಉತ್ಸಾಹ, ಎರಡನೆಯ ವಾರ ನೆಪ, ಮೂರನೆಯ ವಾರ ಮರೆವು. ಹಿತ್ತಿಲ ರೈಲಿನ ಗುಣವೆಂದರೆ ಅದು ವ್ಯಾಯಾಮವೆಂದು ತನ್ನನ್ನು ಹೇಳಿಕೊಳ್ಳುವುದಿಲ್ಲ. ಹಳಿಯ ಮೇಲೆ ಎಲೆ ಬಿದ್ದಿದೆ, ಬಗ್ಗಿ ತೆಗೆಯಬೇಕು. ಮಳೆಗೆ ಜಲ್ಲಿ ಕೊಚ್ಚಿಹೋಗಿದೆ, ಕೂತು ತುಂಬಬೇಕು. ಬೋಗಿ ಹಳಿ ತಪ್ಪಿದೆ, ಎದ್ದು ಹೋಗಿ ಮತ್ತೆ ಕೂತು ಸರಿಪಡಿಸಬೇಕು. ಮುಗಿಯಿತೆಂದು ಕೈತೊಳೆದುಕೊಳ್ಳಲು ಬಾರದ ಕೆಲಸವಿದು. ಅದಕ್ಕಾಗಿಯೇ ಇದು ಒಳ್ಳೆಯ ಔಷಧ.

ಮನಸ್ಸಿಗೂ ಬೇಕು ಒಂದು ಹಳಿ

ವಾಲ್ಟ್ ಡಿಸ್ನಿಯ ಹೆಸರು ಕೇಳದ ಮಕ್ಕಳಿಲ್ಲ. ಆತ ಕೆಲಸದ ಒತ್ತಡದಲ್ಲಿ ಬಳಲಿದ್ದಾಗ, ಸ್ಟುಡಿಯೋದ ನರ್ಸ್ ಕೊಟ್ಟ ಸಲಹೆಯಂತೆ 1948ರಲ್ಲಿ ಷಿಕಾಗೋದ ರೈಲು ಮೇಳಕ್ಕೆ ಹೋದ. ಆಮೇಲೆ ತನ್ನ ಮನೆಯ ಅಂಗಳದಲ್ಲಿ ಸುಮಾರು ಅರ್ಧ ಮೈಲಿ ಉದ್ದದ ಪುಟ್ಟ ಹಳಿ ಹಾಕಿ, ಜನ ಕೂತು ಹೋಗಬಹುದಾದ ಉಗಿಬಂಡಿಯನ್ನು 1950ರಲ್ಲಿ ಓಡಿಸಿದ. ಹೆಂಡತಿಯ ಹೂದೋಟ ಹಾಳಾಗದಿರಲೆಂದು ಅದರ ಅಡಿಯಲ್ಲಿ ಸುರಂಗ ತೋಡಿಸಿದ. ಎಂಜಿನ್ನಿಗೆ ಅವಳ ಹೆಸರನ್ನೇ ಇಟ್ಟ. ಆ ನರ್ಸಿನ ಸಲಹೆ ಯಾವ ಮಾತ್ರೆಗೂ ಕಡಿಮೆಯಲ್ಲ.

ಆದರೆ ಆ ಕತೆಗೆ ಇನ್ನೊಂದು ಭಾಗವಿದೆ. 1953ರಲ್ಲಿ ಆ ರೈಲು ಹಳಿ ತಪ್ಪಿ, ಉಗಿ ತಗುಲಿ ಪುಟ್ಟ ಬಾಲಕಿಯೊಬ್ಬಳಿಗೆ ಸುಟ್ಟಗಾಯವಾಯಿತು. ಡಿಸ್ನಿ ತನ್ನ ರೈಲನ್ನು ನಿಲ್ಲಿಸಿಬಿಟ್ಟ. ಹವ್ಯಾಸ ಎಷ್ಟೇ ಹಿತವಾಗಿದ್ದರೂ ಮಕ್ಕಳಿರುವ ಜಾಗದಲ್ಲಿ ಎಚ್ಚರ ಮೊದಲು ಬರಬೇಕು ಎಂಬ ಪಾಠವನ್ನು ನಾವು ನಮ್ಮ ಮನೆಯಲ್ಲಿ ಗಾಯವಾಗುವ ಮುನ್ನವೇ ಕಲಿಯುವುದು ಒಳಿತು. ಉಗಿ ಎಂಜಿನ್ ನಮ್ಮ ಹಿತ್ತಿಲಿಗೆ ಬೇಡ.

ನಿವೃತ್ತಿಯ ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ತಿಳಿಯದವರ ಕಷ್ಟ ಸಣ್ಣದಲ್ಲ. ನಿದ್ದೆ ಬರುತ್ತಿಲ್ಲ, ಎದೆ ಡವಡವ ಎನ್ನುತ್ತದೆ, ಹೊಟ್ಟೆ ಉಬ್ಬರ ಎಂದು ಬರುವ ಕೆಲವರಿಗೆ ಇ.ಸಿ.ಜಿ., ರಕ್ತಪರೀಕ್ಷೆ ಎಲ್ಲವೂ ಸರಿಯಿರುತ್ತವೆ. ಸರಿಯಿಲ್ಲದಿರುವುದು ದಿನಚರಿ. ನಾಳೆ ಬೆಳಿಗ್ಗೆ ಮಾಡಬೇಕಾದ ಒಂದು ಕೆಲಸ, ಸಂಜೆ ಶಾಲೆಯಿಂದ ಬಂದ ಮೊಮ್ಮಗಳು 'ತಾತ, ಇವತ್ತು ಎಷ್ಟು ಹಳಿ ಹಾಕಿದೆ?' ಎಂದು ಕೇಳುವ ಒಂದು ಮಾತು, ಇವೆರಡು ಸಿಕ್ಕರೆ ಎಷ್ಟೋ ಮಂದಿಗೆ ರಾತ್ರಿಯ ನಿದ್ದೆ ಮಾತ್ರೆ ಬೇಕಾಗಲಿಕ್ಕಿಲ್ಲ. ಆದರೆ ಮನಸ್ಸಿನ ಖಿನ್ನತೆ ಆಳವಾಗಿದ್ದರೆ ಹವ್ಯಾಸವೊಂದೇ ಸಾಲದು. ವೈದ್ಯರ ಬಳಿಗೆ ಹೋಗಲೇಬೇಕು.

ಮಕ್ಕಳಿಗೇನು ಲಾಭ?

ಮಕ್ಕಳ ಕೈಯಿಂದ ಮೊಬೈಲ್ ಬಿಡಿಸಿ ಎಂದು ತಂದೆತಾಯಿಗಳು ಕೇಳುತ್ತಾರೆ. ಕಿತ್ತುಕೊಂಡರೆ ಸಾಲದು, ಆ ಕೈಗೆ ಬೇರೇನಾದರೂ ಕೊಡಬೇಕು. ಚೀನಾದ ಗ್ವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿರಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಸಮೀಪದೃಷ್ಟಿ ಬಂದವರು ಬಯಲಿನ ಗುಂಪಿನಲ್ಲಿ ಶೇ. 30ರಷ್ಟು, ಉಳಿದ ಗುಂಪಿನಲ್ಲಿ ಸುಮಾರು ಶೇ. 40. ಬಯಲ ಬೆಳಕಿನಲ್ಲಿ ಕಳೆದ ಹೊತ್ತು ಕಣ್ಣಿಗೆ ರಕ್ಷಣೆ. ಹಳಿ ಜೋಡಿಸುವ ಮಗುವಿಗೆ ಬೆರಳಿನ ನಯ, ಅಳತೆ, ಇಳಿಜಾರಿನ ಲೆಕ್ಕ, ಕಾಯುವ ತಾಳ್ಮೆ ಇವೆಲ್ಲ ಜತೆಗೆ ಬರುತ್ತವೆ.

'ಅರವತ್ತಕ್ಕೆ ಅರಳು ಮರಳು, ಮುದುಕಪ್ಪನಿಗೆ ಆಟಿಕೆ ಬೇಕಂತೆ' ಎಂದು ಮನೆಯವರು ಗೇಲಿ ಮಾಡಬಹುದು. ಸೋಫಾದಲ್ಲಿ ಕೂತು ದಿನವಿಡೀ ಧಾರಾವಾಹಿ ನೋಡುವವರನ್ನು ನಾವು ಗೇಲಿ ಮಾಡುವುದಿಲ್ಲ. ಮಣ್ಣು ಮುಟ್ಟುವವರನ್ನು ಏಕೆ ಮಾಡಬೇಕು? ಇದು ಗಂಡಸರ ಆಟವೆಂದೂ ತಿಳಿಯಬೇಡಿ. ಹಳಿಯ ಪಕ್ಕದಲ್ಲಿ ಗರಿಕೆ, ಒಂದೆಲಗ, ಕಾಮಕಸ್ತೂರಿ ಬೆಳೆಸಿ, ಸವರಿ, ಪುಟ್ಟ ಊರನ್ನೇ ನಿಲ್ಲಿಸುವ ಕೈಚಳಕ ಅಜ್ಜಿಯರದು.

ಖರ್ಚಿನ ಮಾತು ನಿಜ. ವಿದೇಶಿ ಎಂಜಿನ್ ತರಿಸುವುದು ಎಲ್ಲರಿಗೂ ಎಟುಕುವುದಿಲ್ಲ. ಆದರೆ ಔಷಧವಿರುವುದು ಎಂಜಿನ್ನಿನಲ್ಲಲ್ಲ, ಹಳಿ ಹಾಕುವ ಕೆಲಸದಲ್ಲಿ. ಬಡಗಿಯಿಂದ ಮರದ ಪಟ್ಟಿ ಸೀಳಿಸಿ ಹಳಿ ಮಾಡಿ. ಚನ್ನಪಟ್ಟಣದ ಮರದ ಬೊಂಬೆಗಾಡಿಯಂಥದನ್ನು ಮಕ್ಕಳು ಕೈಯಲ್ಲೇ ತಳ್ಳಲಿ. ತೆಂಗಿನ ಕರಟ ನೀರಿನ ಟ್ಯಾಂಕಾಗಲಿ, ಅಡಿಕೆ ಹಾಳೆ ನಿಲ್ದಾಣದ ಚಾವಣಿಯಾಗಲಿ. ದುಡ್ಡಿದ್ದವರಿಗೂ ನನ್ನ ಸಲಹೆ ಇದೇ: ಆಳುಗಳನ್ನಿಟ್ಟು ಎರಡು ದಿನದಲ್ಲಿ ಮುಗಿಸಬೇಡಿ. ಔಷಧವನ್ನು ಕೂಲಿಯವರಿಗೆ ಕುಡಿಸಿದರೆ ನಿಮ್ಮ ಕಾಯಿಲೆ ವಾಸಿಯಾಗುವುದಿಲ್ಲ.

ದಿನಕ್ಕೆ ಅರ್ಧ ಮೀಟರ್

ಹಾಗಾದರೆ ಪ್ರಮಾಣವೆಷ್ಟು? ಹತ್ತು ಮೀಟರ್ ಉದ್ದದ ಒಂದು ಸುತ್ತು ಹಾಕುತ್ತೀರಿ ಎನ್ನೋಣ. 15 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳದ ಕಾಲುವೆ ತೋಡಿ, ಅದರಲ್ಲಿ ಸಣ್ಣ ಜಲ್ಲಿ ತುಂಬಿ, ಮೇಲೆ ಹಳಿ ಕೂರಿಸಬೇಕು. ಇದರಿಂದ ಹೊರಬರುವ ಮಣ್ಣು ಎರಡು ಕ್ವಿಂಟಾಲಿಗೂ ಹೆಚ್ಚು. ಒಂದೇ ಭಾನುವಾರದಲ್ಲಿ ಮಾಡಹೊರಟರೆ ಸೋಮವಾರ ನೀವು ನಮ್ಮ ದವಾಖಾನೆಯ ಬೆಂಚಿನ ಮೇಲಿರುತ್ತೀರಿ. ದಿನಕ್ಕೆ ಅರ್ಧ ಮೀಟರ್ ಸಾಕು. ಅಂದರೆ ಸುಮಾರು 11 ಕಿಲೋ ಮಣ್ಣು. ಎರಡು ಮೂರು ಬಾಂಡ್ಲಿಯಲ್ಲಿ ಹೊರಹಾಕಬಹುದು. ಇಪ್ಪತ್ತು ದಿನದಲ್ಲಿ ಕಾಲುವೆ ಸಿದ್ಧ.

ತಿರುವು ತೀರಾ ಬಿಗಿಯಾಗದಿರಲಿ. 60 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಕಡಿಮೆ ಬೇಡ. ಏರು ಮೀಟರಿಗೆ ಎರಡು ಸೆಂಟಿಮೀಟರ್ ದಾಟದಿರಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯಲ್ಲಿ ದೊಡ್ಡ ರೈಲಿಗೂ ಇರುವುದು ಇದೇ ಏರು, 50 ಅಡಿಗೆ ಒಂದು ಅಡಿ. ರಸಮಟ್ಟ ಹಿಡಿಯುವ ಕೆಲಸವನ್ನು ಮಕ್ಕಳಿಗೆ ಬಿಡಿ.

ಕೆಲಸ ಮಾಡುವಾಗ ಈ ಕೆಲವು ಮಾತುಗಳನ್ನು ನೆನಪಿಡಿ:

1. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಕೆಲಸ ಮಾಡಿ. ಪಕ್ಕದಲ್ಲಿ ನೀರಿರಲಿ.

2. ಬಿ.ಪಿ.ಗೆ ಅಥವಾ ಪ್ರಾಸ್ಟೇಟ್ ಗ್ರಂಥಿಗೆ ಮಾತ್ರೆ ತೆಗೆದುಕೊಳ್ಳುವವರು ಕೂತಲ್ಲಿಂದ ದಿಢೀರನೆ ಏಳಬಾರದು. ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳಬಹುದು. ಮೊದಲು ಒಂದು ಮೊಣಕಾಲು ಊರಿ, ಅರ್ಧ ನಿಮಿಷ ತಡೆದು, ಆಮೇಲೆ ಏಳಿ.

3. ಮೊಣಕಾಲು ಸವೆದವರಿಗೆ, ಕೀಲು ಬದಲಾಯಿಸಿಕೊಂಡವರಿಗೆ ಕುಕ್ಕರಗಾಲು ಬೇಡ. ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಲಿ. ಸುತ್ತಿನ ಒಂದು ಭಾಗವನ್ನು ಕಲ್ಲು ಕಟ್ಟಿ ಮೊಣಕಾಲೆತ್ತರಕ್ಕೆ ಏರಿಸಿಕೊಂಡರೂ ತಪ್ಪಿಲ್ಲ. ಹೃದಯದ ತೊಂದರೆ, ಹರ್ನಿಯಾ ಇರುವವರು ಅಗೆಯುವ ಕೆಲಸವನ್ನು ಕಿರಿಯರಿಗೆ ಬಿಡಲಿ.

4. ಸಕ್ಕರೆ ಕಾಯಿಲೆಯವರು ಜಲ್ಲಿಯ ಮೇಲೆ ಬರಿಗಾಲಲ್ಲಿ ಓಡಾಡಬಾರದು. ಸ್ಪರ್ಶವಿಲ್ಲದ ಪಾದಕ್ಕೆ ಚುಚ್ಚಿದ ಚೂರು ಗೊತ್ತೇ ಆಗುವುದಿಲ್ಲ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡ ಮೇಲೆ ಕೆಲಸದಲ್ಲಿ ಮುಳುಗಿ ಊಟ ಮರೆಯಬಾರದು. ಹಾಗೆ ಮರೆತರೆ ಸಕ್ಕರೆ ಇಳಿದು ಬೆವರು, ನಡುಕ, ಮಂಪರು ಬರುತ್ತದೆ.

5. ಕಳೆ ಕೀಳುವಾಗ ಕಾಂಗ್ರೆಸ್ ಗಿಡವನ್ನು, ಅಂದರೆ ಪಾರ್ಥೇನಿಯಂ ಅನ್ನು ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮದ ತುರಿಕೆ, ಉಬ್ಬಸ ಎರಡಕ್ಕೂ ಅದು ಕಾರಣ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಣಗಿಲೆ, ಉಮ್ಮತ್ತಿ ಗಿಡಗಳು ಹಳಿಯ ಬಳಿ ಇರಬಾರದು, ಅವು ವಿಷ.

6. ಧನುರ್ವಾಯು ತರುವುದು ತುಕ್ಕಲ್ಲ, ಮಣ್ಣಿನಲ್ಲಿರುವ ರೋಗಾಣು. ಹತ್ತು ವರ್ಷಕ್ಕೊಮ್ಮೆ ಚುಚ್ಚುಮದ್ದು ದೊಡ್ಡವರಿಗೂ ಬೇಕು. ಮಣ್ಣು ಸೇರಿದ ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ ಐದು ವರ್ಷ ದಾಟಿದ್ದರೆ ಮತ್ತೊಂದು ಹಾಕಿಸಿ.

ಸುರಂಗದಲ್ಲಿ ಕೈ ಹಾಕಬೇಡಿ

ನಮ್ಮ ಸೀಮೆಗೇ ವಿಶೇಷವಾದ ಎರಡು ಅಪಾಯಗಳನ್ನು ವಿದೇಶಿ ಪುಸ್ತಕಗಳು ಹೇಳುವುದಿಲ್ಲ. ಮೊದಲನೆಯದು ತೆಂಗಿನ ಮರ. ನೆರಳಿದೆಯೆಂದು ಫಲ ಬಿಡುವ ಮರದ ಬುಡದಲ್ಲಿ ಹಳಿ ಹಾಕಿ ಮಕ್ಕಳನ್ನು ಕೂರಿಸಬಾರದು. ಒಣಗಿದ ಗರಿಯೋ ಕಾಯಿಯೋ ತಲೆಯ ಮೇಲೆ ಬಿದ್ದರೆ ಏನಾಗುತ್ತದೆಂದು ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಹಾವು. ರೈಲೆಂದ ಮೇಲೆ ಮಕ್ಕಳಿಗೆ ಸುರಂಗ ಬೇಕೇ ಬೇಕು. ಕಲ್ಲು ಪೇರಿಸಿ ಮಾಡಿದ ತಂಪಾದ, ಕತ್ತಲೆಯ ಸುರಂಗ ಇಲಿ, ಕಪ್ಪೆಗಳಿಗೆ ಮನೆ. ಅವನ್ನು ಹುಡುಕಿಕೊಂಡು ಬರುವ ನಾಗರಹಾವು, ಕೊಳಕುಮಂಡಲಗಳಿಗೂ ಮನೆ. ಸುರಂಗ ಗಿಡ್ಡವಿರಲಿ, ಈ ಬಾಯಿಂದ ನೋಡಿದರೆ ಆ ಬಾಯಿ ಕಾಣುವಂತಿರಲಿ. ಸಂಜೆ ಆಟ ಮುಗಿದ ಮೇಲೆ ಎರಡೂ ಬಾಯಿಗೆ ಸರಿಯಾಗಿ ಕೂರುವ ಹಲಗೆ ಮುಚ್ಚಿ. ಬೋಗಿ ಒಳಗೆ ಸಿಕ್ಕಿಕೊಂಡರೆ ಕೋಲಿನಿಂದ ತಳ್ಳಬೇಕೇ ಹೊರತು ಕೈ ಹಾಕಬಾರದು; ಇದು ಮನೆಯ ಕಾನೂನಾಗಲಿ. ಜಲ್ಲಿ, ಇಟ್ಟಿಗೆಯ ಉಳಿಕೆ ರಾಶಿಯನ್ನು ಹಿತ್ತಿಲಲ್ಲಿ ಬಿಡಬೇಡಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಧೈರ್ಯ ಹೇಳಿ, 108ಕ್ಕೆ ಫೋನ್ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯವೆಂದು ಘೋಷಿಸಿತು. ವಿಷಯ ಅಷ್ಟು ಗಂಭೀರ.

ಇನ್ನು ವಿದ್ಯುತ್ತು. ಮನೆಯ 230 ವೋಲ್ಟ್ ವೈರನ್ನು ಎಂದಿಗೂ ಹಿತ್ತಿಲಿಗೆ ಎಳೆಯಬೇಡಿ. ಟ್ರಾನ್ಸ್‌ಫಾರ್ಮರ್ ಮನೆಯೊಳಗೆ, ಒಣ ಜಾಗದಲ್ಲಿರಲಿ. ಹಳಿಗೆ ಹೋಗುವುದು 24 ವೋಲ್ಟ್ ದಾಟದ ಡಿ.ಸಿ. ಆಗಿರಲಿ, ಸೋರುವ ವಿದ್ಯುತ್ತನ್ನು ತಡೆಯುವ ಸುರಕ್ಷಾ ಸ್ವಿಚ್ ಮೀಟರ್ ಬೋರ್ಡಿನಲ್ಲಿರಲಿ. ಬ್ಯಾಟರಿಯ ಎಂಜಿನ್ ಆದರೆ ಇನ್ನೂ ಒಳ್ಳೆಯದು. ಆದರೆ ಗುಂಡಿಯಂಥ ಚಪ್ಪಟೆ ಬ್ಯಾಟರಿಗಳ ಬಗ್ಗೆ ಬಹಳ ಎಚ್ಚರ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯವಾಗಬಹುದು. ವಾಂತಿ ಮಾಡಿಸದೆ, ಬೆಳಗಾಗಲೆಂದು ಕಾಯದೆ, ಎಕ್ಸ್-ರೇ ಇರುವ ಆಸ್ಪತ್ರೆಗೆ ಓಡಿ.

ಬೆಸುಗೆಯ ಕಡ್ಡಿಯಲ್ಲಿ ಸೀಸವಿರಬಹುದು. ಬೆಸುಗೆ ದೊಡ್ಡವರ ಕೆಲಸ, ಗಾಳಿಯಾಡುವ ಜಾಗದಲ್ಲಿ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಬಣ್ಣದಲ್ಲಿನ ಸೀಸಕ್ಕೆ ನಮ್ಮ ದೇಶದಲ್ಲಿ 2017ರಿಂದ ಬಿಗಿಯಾದ ಮಿತಿಯಿದೆ. ಆದ್ದರಿಂದ ಅಟ್ಟದ ಮೇಲಿನ ಹಳೆಯ ಡಬ್ಬದ ಬಣ್ಣವನ್ನು ಮಕ್ಕಳ ಗಾಡಿಗೆ ಬಳಿಯಬೇಡಿ. ಸೇತುವೆಯ ಕೆಳಗೆ ನೀರು ನಿಲ್ಲಿಸುವ ಆಸೆಯಾದರೆ ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತಿಕ್ಕಿ. ಡೆಂಗಿ ತರುವ ಸೊಳ್ಳೆಗೆ ಹತ್ತು ದಿನದೊಳಗೆ ಮೊಟ್ಟೆಯಿಂದ ರೆಕ್ಕೆ ಬರುತ್ತದೆ. ತೆವಳುವ, ತಪ್ಪು ಹೆಜ್ಜೆಯಿಡುವ ಮಗುವಿದ್ದರೆ ನೀರೇ ಬೇಡ. ಗೇಣು ನೀರೂ ಅಪಾಯ.

ಇಷ್ಟೆಲ್ಲ ಓದಿ, ಇದಕ್ಕಿಂತ ಸೋಫಾವೇ ವಾಸಿ ಎಂದುಕೊಳ್ಳಬೇಡಿ. ಹಿತ್ತಿಲ ಅಪಾಯಗಳಿಗೆ ಒಂದು ಹಲಗೆ, ಒಂದು ಜತೆ ಚಪ್ಪಲಿ, ಒಂದು ಚುಚ್ಚುಮದ್ದು, ಒಂದಿಷ್ಟು ಎಚ್ಚರ ಸಾಕು. ಸೋಫಾದ ಅಪಾಯಕ್ಕೆ ಅಷ್ಟು ಅಗ್ಗದ ಮದ್ದು ನಮ್ಮಲ್ಲಿಲ್ಲ, ಬಿ.ಪಿ., ಸಕ್ಕರೆ, ಒಂಟಿತನ ಮೂರೂ ಅಲ್ಲಿ ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂರುತ್ತವೆ. ಬರುವ ಭಾನುವಾರ ಎಂಜಿನ್ ಕೊಳ್ಳಲು ಹೋಗಬೇಡಿ. ನಾಲ್ಕು ಗೂಟ, ಒಂದು ಹುರಿ ಹಿಡಿದು ಮಕ್ಕಳೊಂದಿಗೆ ಹಿತ್ತಿಲಿಗೆ ಇಳಿಯಿರಿ. ರೈಲು ಎಲ್ಲಿಂದ ಹೊರಡಬೇಕು, ನಿಲ್ದಾಣಕ್ಕೆ ಯಾವ ಊರಿನ ಹೆಸರು ಎಂದು ಅವರನ್ನೇ ಕೇಳಿ. ಹುರಿ ಎಳೆದು ಗೂಟ ಹೊಡೆಯುವಷ್ಟರಲ್ಲಿ ನಾಲ್ಕೈದು ಬಾರಿ ಕೂತು ಎದ್ದಿರುತ್ತೀರಿ. ಮೊದಲ ದಿನಕ್ಕೆ ಅಷ್ಟು ಸಾಕು.